ಕೂಸು ಕಂಕುಳಲ್ಲಿ ಇರುವಾಗಲೇ ಹೊರಡಿ

ಕುಂದಾಪುರದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸಾರ ಇಷ್ಟು. ಗಂಡನಿಗೆ ಕಲಬುರಗಿಗೆ ವರ್ಗವಾಗಿದೆ. ಡಿಸೆಂಬರ್ ಮೊದಲ ವಾರ ಹಾಜರಾಗಬೇಕು. ಮಗನಿಗೆ ಈಗ ಆರೂವರೆ ತಿಂಗಳು. ಅತ್ತೆ, ಅಮ್ಮ, ಪಕ್ಕದ ಮನೆಯವರು, ಕೊನೆಗೆ ಹಾಲು ಹಾಕುವ ಹುಡುಗ ಕೂಡ ‘ಆ ಬಿಸಿಲಿಗೆ ಎಳೆ ಮಗುವನ್ನು ಕರ್ಕೊಂಡು ಹೋಗ್ತೀರಾ?’ ಎಂದು ಕೇಳುತ್ತಿದ್ದಾರಂತೆ. ಗಂಡ ಒಬ್ಬರೇ ಹೋಗಲಿ, ಮಗುವಿಗೆ ಎರಡು ವರ್ಷ ತುಂಬಿದ ಮೇಲೆ ನೋಡೋಣ ಎಂಬುದು ಮನೆಯವರ ತೀರ್ಮಾನ. ಹೋಗುವುದೇ ಆದರೆ ಊರ ಹೊರಗಿನ ಹೊಸ ಅಪಾರ್ಟ್‌ಮೆಂಟೋ, ಹಳೇ ಓಣಿಯ ಬಾಡಿಗೆ ಮನೆಯೋ ಎಂಬುದು ಇನ್ನೊಂದು ಪ್ರಶ್ನೆ. “ಅಲ್ಲಿ ನಮಗೆ ಯಾರೂ ಗೊತ್ತಿಲ್ಲ, ಆ ಕಡೆಯ ಜನರ ಭಾಷೆಯೂ ಅರ್ಥವಾಗುವುದಿಲ್ಲ, ನಾನು ಹೋಗಿ ತಪ್ಪು ಮಾಡುತ್ತೇನಾ?” ಎಂದು ಕೇಳಿದ್ದಾರೆ.

ಉತ್ತರ:

ತಂಗಿ, ಹೋಗಿ. ಓಣಿಯ ಮನೆ ಹಿಡಿಯಿರಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಪತ್ರ ನನ್ನ ಹಳೇ ಗಾಯವನ್ನೋ ಹಳೇ ಸಂತೋಷವನ್ನೋ ಕೆದಕಿಬಿಟ್ಟಿದೆ, ಹಾಗಾಗಿ ಸುಮ್ಮನೆ ಬಿಡುವವನಲ್ಲ ನಾನು. ಮೊದಲು ಒಂದು ಮಾತು: ಆರೂವರೆ ತಿಂಗಳ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ನಾಲ್ಕು ಪುಟ ಕೈಯಲ್ಲಿ ಬರೆದಿದ್ದೀರಿ, ಒಂದೂ ಅಕ್ಷರ ತಪ್ಪಿಲ್ಲ. ಇಂಥವರಿಗೆ ಊರು ಬದಲಾಯಿಸುವುದು ದೊಡ್ಡ ಕೆಲಸವೇ ಅಲ್ಲ. ಎರಡನೆಯದು ಸ್ವಲ್ಪ ಬೈಗುಳ. ಪತ್ರದಲ್ಲಿ ‘ಬಿಸಿಲು’ ಅನ್ನುವ ಶಬ್ದ ಹನ್ನೊಂದು ಸಲ ಬಂದಿದೆ, ಎಣಿಸಿದ್ದೇನೆ. ಹಾಲು ಹಾಕುವ ಹುಡುಗನ ಅಭಿಪ್ರಾಯವನ್ನೂ ಕೇಳಿದ್ದೀರಿ. ಆದರೆ ಕಲಬುರಗಿಯಲ್ಲಿ ಹುಟ್ಟಿ, ಅಲ್ಲೇ ಮಕ್ಕಳನ್ನು ಸಾಕಿದ ಒಬ್ಬ ಹೆಂಗಸನ್ನೂ ಕೇಳಿಲ್ಲ. ಅಲ್ಲಿಯೂ ಕೂಸುಗಳು ಹುಟ್ಟುತ್ತವೆ, ಅಲ್ವಾ? ಲಕ್ಷಗಟ್ಟಲೆ ಹುಟ್ಟಿ, ಬೆಳೆದು, ಅದರಲ್ಲಿ ಕೆಲವರು ಬೆಂಗಳೂರಿಗೆ ಹೋಗಿ ‘ಇಲ್ಲಿ ಏನ್ ಸೆಕಿ’ ಅಂತಲೂ ಅನ್ನುತ್ತಾರೆ.

ನಿಮ್ಮ ಅತ್ತೆಯವರ ಮಾತಿನಲ್ಲಿ ಹುರುಳೇ ಇಲ್ಲ ಅಂತಲ್ಲ. ಏಪ್ರಿಲ್ ಕೊನೆಯಿಂದ ಮೇ ತುಂಬ ಅಲ್ಲಿ 42 ಡಿಗ್ರಿ ಸಾಮಾನ್ಯ, ಕೆಲವು ದಿನ ಅದಕ್ಕೂ ಮೇಲೆ. ಅಜ್ಜಿಯ ಕೈಯನ್ನು ಯಾವ ಊರೂ ಕೊಡಲಾರದು. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ, ಯಾವುದಾದರೂ ಚಿಕಿತ್ಸೆ ನಡೆಯುತ್ತಿದ್ದರೆ ಡಾಕ್ಟರ್ ಹೇಳಿದಂತೆ ಕೇಳಿ, ನನ್ನ ಮಾತು ಬೇಡ. ಆಯ್ತು, ಅವರ ಪಾಲಿನ ನ್ಯಾಯ ಕೊಟ್ಟೆ. ಈಗ ನನ್ನ ಪಾಲು.

1994ರ ನವೆಂಬರಿನಲ್ಲಿ ನಾನು, ಹೆಂಡತಿ, ಎಂಟು ತಿಂಗಳ ಮಗಳು ಸಾಗರದಿಂದ ಗುಲ್ಬರ್ಗಕ್ಕೆ ಹೋಗಿ ಇಳಿದೆವು. ಆಗಿನ್ನೂ ಅದು ಗುಲ್ಬರ್ಗ, ಕಲಬುರಗಿ ಆಗಿದ್ದು 2014ರಲ್ಲಿ. ನಾನಾಗ ಪತ್ರಿಕೆಯವನಲ್ಲ, ಒಂದು ಕಚೇರಿಯ ಗುಮಾಸ್ತ. ರಾತ್ರಿಯೆಲ್ಲ ಬಸ್ಸು. ಬೆಳಿಗ್ಗೆ ಬ್ರಹ್ಮಪುರದ ಒಂದು ಓಣಿಯಲ್ಲಿ, ಬೀಗ ತೆಗೆದ ಬರಿಮನೆಯ ಮುಂದೆ ನಿಂತಿದ್ದೇವೆ. ಸಾಮಾನಿನ ಲಾರಿ ಬಂದಿಲ್ಲ. ಅದು ಬಂದಿದ್ದು ಮೂರು ದಿನದ ಮೇಲೆ. ತೊಟ್ಟಿಲು ಅದರಲ್ಲಿ, ಸ್ಟೌ ಅದರಲ್ಲಿ, ಮಗಳ ಚುಚ್ಚುಮದ್ದಿನ ಕಾರ್ಡೂ ಅದರಲ್ಲೇ. ಮಗಳು ಕಿರುಚುತ್ತಿದ್ದಳು. ಹೆಂಡತಿ ನನ್ನ ಮುಖ ನೋಡುತ್ತಿದ್ದಳು, ಆ ನೋಟ ಇವತ್ತಿಗೂ ನೆನಪಿದೆ.

ಪಕ್ಕದ ಮನೆಯ ಕಟ್ಟೆ ಮೇಲೆ ಒಬ್ಬ ಅಜ್ಜಿ ಶೇಂಗಾ ಒಡೆಯುತ್ತ ಕೂತಿದ್ದಳು. ಎದ್ದು ಬಂದಳು. ನಮ್ಮ ಹೆಸರು ಕೇಳಲಿಲ್ಲ, ಯಾವೂರು ಕೇಳಲಿಲ್ಲ, ಜಾತಿ ಕೇಳಲಿಲ್ಲ (ಅದನ್ನು ಆಮೇಲೆ ಕೇಳಿದಳು, ಸುಳ್ಳು ಯಾಕೆ ಹೇಳಲಿ). “ಕೂಸಿನ ಈ ಕಡಿ ಕೊಡ್ರಿ, ನೀವು ಒಳಗ ಕಸ ಹೊಡ್ಕೋರಿ” ಅಂದಳು. ಅಂದು ಎತ್ತಿಕೊಂಡು ಹೋಗಿಯೇ ಬಿಟ್ಟಳು. ಒಂದು ಗಂಟೆ ಕಳೆದು ನಾವು ಗಾಬರಿಯಿಂದ ಹೋಗಿ ಇಣುಕಿದರೆ, ಮಗಳಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಲೋಬಾನದ ಹೊಗೆ ಹಿಡಿದು, ಯಾವ ಕಾಲದ್ದೋ ಕಸೂತಿಯ ಒಂದು ಕುಂಚಿಗೆ ಕಟ್ಟಿ ಮಲಗಿಸಿದ್ದಳು. ಸೀರೆಯ ಜೋಳಿಗೆ. ತೊಲೆಗೆ ಹಗ್ಗ. ನನ್ನ ಹೆಂಡತಿ ಅಲ್ಲೇ, ಆ ಜೋಳಿಗೆಯ ಕೆಳಗೆ, ಶಹಾಬಾದಿ ಕಲ್ಲಿನ ನೆಲದ ಮೇಲೆ ಕೂತವಳು ಒರಗಿ ನಾಲ್ಕು ಗಂಟೆ ನಿದ್ದೆ ಮಾಡಿದಳು. ಎಂಟು ತಿಂಗಳಲ್ಲಿ ಅಷ್ಟು ಹೊತ್ತು ಒಟ್ಟಿಗೆ ನಿದ್ದೆ ಮಾಡಿದ್ದು ಅದೇ ಮೊದಲು. (ಲೋಬಾನದ ಹೊಗೆ ಎಳೆ ಮಕ್ಕಳ ಎದೆಗೆ ಒಳ್ಳೆಯದಲ್ಲ ಅಂತ ಈಗ ಗೊತ್ತು. ನೀವು ಅದೊಂದನ್ನು ನಯವಾಗಿ ಬೇಡ ಅನ್ನಿ. ಉಳಿದದ್ದಕ್ಕೆ ಹೂಂ ಅನ್ನಿ.)

ನಾನು ಮದುವೆಗೆ ಮುಂಚೆ ಒಬ್ಬನೇ ಎರಡು ವರ್ಷ ಇನ್ನೊಂದು ಊರಿನಲ್ಲಿದ್ದೆ. ಖಾನಾವಳಿ, ರೂಮು, ಕಚೇರಿ. ಎರಡು ವರ್ಷದಲ್ಲಿ ನನ್ನ ಹೆಸರು ಗೊತ್ತಿದ್ದವರು ಆರು ಜನ. ಮಗು ಎತ್ತಿಕೊಂಡು ಹೋದ ಊರಿನಲ್ಲಿ ಒಂದು ವಾರಕ್ಕೆ ಓಣಿಯೆಲ್ಲ ನಮ್ಮನ್ನು ‘ಕೂಸಿನ ಮನಿಯವರು’ ಅನ್ನತೊಡಗಿತು. ಜನ ಸೇರಬೇಕು, ಆಮೇಲೆ ಮಗುವನ್ನು ಕರೆಸಿಕೊಳ್ಳಬೇಕು ಅಂತ ಎಲ್ಲರೂ ಉಲ್ಟಾ ಲೆಕ್ಕ ಹಾಕುತ್ತಾರೆ. ಜನರನ್ನು ತಂದುಕೊಡುವುದೇ ಮಗು. ನಿಮ್ಮ ಗಂಡ ಒಬ್ಬರೇ ಹೋದರೆ ಆ ಊರಲ್ಲಿ ಅವರೊಬ್ಬ ಬಾಡಿಗೆದಾರ, ಅಷ್ಟೆ.

ಇನ್ನೊಂದು ಲೆಕ್ಕವೂ ಇದೆ. ರೆನೆ ಸ್ಪಿಟ್ಸ್ ಅಂತ ಒಬ್ಬ ಮನೋವೈದ್ಯ ಕಳೆದ ಶತಮಾನದಲ್ಲಿ ಕೂಸುಗಳನ್ನು ಕೂತು ನೋಡಿ ಬರೆದ. ಸುಮಾರು ಎಂಟನೇ ತಿಂಗಳ ಹೊತ್ತಿಗೆ ಮಕ್ಕಳು ಹೊಸ ಮುಖ ಕಂಡರೆ ಅಳುವುದಕ್ಕೆ ಶುರು ಮಾಡುತ್ತವೆ ಎಂದ. ನಮ್ಮ ಅಜ್ಜಿಯರು ‘ಗುರುತು ಹಿಡಿಯೋ ಕಾಲ’ ಅನ್ನುವುದು ಇದನ್ನೇ. ನಿಮ್ಮವನಿಗೆ ಆರೂವರೆ. ಈಗ ಯಾರು ಎತ್ತಿದರೂ ನಗುತ್ತಾನೆ. ಆ ಅಳು ಶುರುವಾಗುವ ಮೊದಲೇ ಓಣಿಯ ಹತ್ತು ಮುಖ ಅವನಿಗೆ ಪರಿಚಯ ಆಗಿಬಿಟ್ಟರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಎರಡು ವರ್ಷದವನನ್ನು ಅಜ್ಜಿಯ ಸೊಂಟದಿಂದ ಕಿತ್ತು ಬಸ್ಸು ಹತ್ತಿಸಿ ನೋಡಿ, ಕಷ್ಟ ಅಂದರೆ ಏನು ಅಂತ ಆಗ ತಿಳಿಯುತ್ತದೆ. ಆಫ್ರಿಕದ ಕಾಂಗೋ ಕಾಡಿನಲ್ಲಿ ಎಫೆ ಎನ್ನುವ ಜನ ಇದ್ದಾರೆ. ಅವರಲ್ಲಿ ಹುಟ್ಟಿದ ಕೂಸು ಮೊದಲ ದಿನದಿಂದಲೇ ಕೈಯಿಂದ ಕೈಗೆ ಹೋಗುತ್ತದೆ, ತಾಯಿಯಲ್ಲದ ಬೇರೆ ಹೆಂಗಸರೂ ಮೊಲೆ ಕೊಡುತ್ತಾರೆ. ಮನುಷ್ಯನ ಮಗುವನ್ನು ತಾಯಿ ಒಬ್ಬಳೇ ಸಾಕಿದ್ದು ಇತಿಹಾಸದಲ್ಲಿ ತೀರಾ ಇತ್ತೀಚಿನ ಹುಚ್ಚು ಅನ್ನುತ್ತಾರೆ ಇದನ್ನು ಓದಿದವರು. ನನಗಂತೂ ಅನುಮಾನವೇ ಇಲ್ಲ.

ಬಿಸಿಲಿನ ವಿಷಯಕ್ಕೆ ಬರುತ್ತೇನೆ, ಹನ್ನೊಂದು ಸಲ ಕೇಳಿದ್ದೀರಲ್ಲ. ಡಿಸೆಂಬರ್‌ನಲ್ಲಿ ಹೋಗುವುದು ನಿಮ್ಮ ಅದೃಷ್ಟ. ರಾತ್ರಿ ಚಳಿ, ಹಗಲು ಹಿತ. ಗಾಳಿ ಮಾತ್ರ ಒಣ, ಮಗುವಿನ ಕೆನ್ನೆ ಒಡೆಯುತ್ತದೆ, ತೆಂಗಿನೆಣ್ಣೆ ಜಾಸ್ತಿ ಇಟ್ಟುಕೊಳ್ಳಿ. ಅಲ್ಲಿಂದ ಬಿಸಿಲು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಮಗುವಿನ ಮೈ ಅದರ ಜೊತೆಗೇ ಕಲಿಯುತ್ತದೆ. ಮನೆಯವರ ಮಾತು ಕೇಳಿ ಎರಡು ವರ್ಷ ತುಂಬಲಿ ಅಂತ ಕಾದರೆ ಅದು ತುಂಬುವುದು ಯಾವಾಗ? ಮೇ ತಿಂಗಳಲ್ಲಿ! ಕರಾವಳಿಯ ಮಗುವನ್ನು ಮೇನಲ್ಲಿ ಒಯ್ದು ಇಳಿಸುತ್ತೀರಾ?

ನಿಮ್ಮ ಸೆಕೆ ಬೇರೆ, ಅಲ್ಲಿನ ಸೆಕೆ ಬೇರೆ. ಕುಂದಾಪುರದಲ್ಲಿ ಬೆವರು ಆರುವುದಿಲ್ಲ, ಅದಕ್ಕೇ ಬೆವರುಸಾಲೆ. ಅಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಗಾಳಿ ಕುಡಿದುಬಿಡುತ್ತದೆ. ಅದಕ್ಕೇ ಅಲ್ಲಿ ನೀರು ಹಾಕುವ ಕೂಲರ್ ಸಾಕಾಗುತ್ತದೆ, ಎಸಿ ಇಲ್ಲದೆಯೂ ನಡೆಯುತ್ತದೆ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಗಾಳಿ ಒಣಗಿದ್ದಷ್ಟೂ ತಂಪು ಜಾಸ್ತಿ. ಅದೇ ಕೂಲರನ್ನು ಕುಂದಾಪುರದಲ್ಲಿ ಹಚ್ಚಿದರೆ ಮನೆ ಇಡ್ಲಿ ಪಾತ್ರೆ ಆಗುತ್ತದೆ. ನಮಗೆ ಕೂಲರೂ ಇರಲಿಲ್ಲ. ಕಿಟಕಿಗೆ ಗೋಣಿತಟ್ಟು ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸುವುದನ್ನು ಅದೇ ಅಜ್ಜಿ ಕಲಿಸಿದಳು. ರಾತ್ರಿ ಮಾಳಿಗೆ ಮೇಲೆ ಓಣಿಗೆ ಓಣಿಯೇ ಮಲಗುತ್ತಿತ್ತು. ಸರ್ಕಾರವೂ ಅಲ್ಲಿ ಬಿಸಿಲಿಗೆ ತಲೆಬಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಗಂಡ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿ! ಬೆಂಗಳೂರಿನ ಯಾವ ತಾಯಿಗೆ ಆ ಭಾಗ್ಯ ಇದೆ ಹೇಳಿ.

ಇನ್ನು ಒಂದು ಗುಟ್ಟು. ಕರಾವಳಿಯ ಮಳೆಗಾಲದಲ್ಲಿ ಮಗುವಿನ ಬಟ್ಟೆ ಒಣಗಿಸುವ ಸಂಕಟ ನಿಮಗೆ ಹೇಳಬೇಕಾಗಿಲ್ಲ. ಒಲೆ ಮೇಲೆ ಹರವಿ, ಹೊಗೆ ವಾಸನೆ ಹಿಡಿದು, ನಾಲ್ಕು ದಿನವಾದರೂ ಹಸಿ. ಅಲ್ಲಿ ಅಂಗಳದ ಹಗ್ಗಕ್ಕೆ ಕೊನೆಯ ಬಟ್ಟೆ ಹಾಕುವಷ್ಟರಲ್ಲಿ ಮೊದಲಿನದು ಗರಿಗರಿ. ನನ್ನ ಹೆಂಡತಿ ಮೂರನೇ ದಿನ ಹೇಳಿದ್ದು: “ಇದೊಂದಕ್ಕಾದರೂ ಇಲ್ಲೇ ಇರೋಣ.”

ಕುಡಿಯುವ ವಿಷಯ. ಆರು ತಿಂಗಳೊಳಗಿನ ಮಗುವಿಗೆ ಎಂಥ ಬಿಸಿಲಿನಲ್ಲೂ ತಾಯಿ ಹಾಲೇ ಸಾಕು, ಮೇಲೆ ನೀರು ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮವನು ಆ ಗಡಿ ದಾಟಿದ್ದಾನೆ. ಕುದಿಸಿ ಆರಿಸಿದ ನೀರು ಗುಟುಕು ಗುಟುಕಾಗಿ ಕೊಡಿ, ಬಿಸಿಲಿನಲ್ಲಿ ಹಾಲು ಪದೇ ಪದೇ ಕುಡಿಸಿ, ನೀವೂ ನೀರು ಕುಡಿಯಿರಿ. ಊಟಕ್ಕೆ ನಿಮ್ಮ ರಾಗಿ ಮಣ್ಣಿ ಬಿಡಬೇಡಿ, ಆದರೆ ತೊಗರಿಯ ಕಣಜಕ್ಕೆ ಹೋಗುತ್ತಿದ್ದೀರಿ ಅನ್ನುವುದೂ ನೆನಪಿರಲಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮೇಲಿನ ತಿಳಿ ಕಟ್ಟು ಬಸಿದು ಕೊಟ್ಟು ‘ಬೇಳೆ ಕೊಟ್ಟೆ’ ಅಂದುಕೊಳ್ಳಬೇಡಿ. ಬೇಳೆಯನ್ನೇ ಕಿವುಚಿ, ಚೂರು ತುಪ್ಪ ಹಾಕಿ ತಿನ್ನಿಸಿ. ಕುಚ್ಚಲಕ್ಕಿ ಸಿಗುತ್ತದೋ ಇಲ್ಲವೋ ಎಂದು ಕೇಳಿದ್ದೀರಿ. ಹತ್ತು ಕೆಜಿ ಕಟ್ಟಿಕೊಂಡು ಹೋಗಿ. ಅದು ಮುಗಿಯುವಷ್ಟರಲ್ಲಿ ಕಡಕ್ ರೊಟ್ಟಿ ರೂಢಿಯಾಗಿರುತ್ತದೆ.

ಕಾಗದ ಪತ್ರ ಲಾರಿಗೆ ಹಾಕಬೇಡಿ, ನಾನು ಮಾಡಿದ ತಪ್ಪು ಅದು. ತಾಯಿ ಕಾರ್ಡ್ ನಿಮ್ಮ ಕೈಚೀಲದಲ್ಲಿ ಇರಲಿ. ಒಂಬತ್ತು ತಿಂಗಳು ತುಂಬಿದಾಗ ದಡಾರ–ರುಬೆಲ್ಲಾ ಲಸಿಕೆ, ಎ ವಿಟಮಿನ್ ಹನಿ ಬಾಕಿ ಇರುತ್ತವೆ. ಯಾವ ಊರಿನ ಕಾರ್ಡಾದರೂ ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಹಾಕುತ್ತಾರೆ, ದುಡ್ಡಿಲ್ಲ. ನಮ್ಮ ಕಾರ್ಡು ಬರುವುದರೊಳಗೆ ಒಂದು ಖಾಸಗಿ ಕ್ಲಿನಿಕ್ಕಿನವರು ‘ಎಲ್ಲಾ ಮೊದಲಿಂದ ಹಾಕೋಣ’ ಅಂದು ಬಿಲ್ಲು ಬರೆಯುವುದಕ್ಕೇ ಕೂತಿದ್ದರು. ಡಾಕ್ಟರು ಸಿಗುತ್ತಾರಾ ಅಂತ ಬೇರೆ ಕೇಳಿದ್ದೀರಿ! ಆ ಊರಿನಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಶುರುವಾದದ್ದೇ 1963ರಲ್ಲಿ. ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ, ಇಎಸ್‌ಐನವರದ್ದೂ ಇದೆ. ಕುಂದಾಪುರದವರು ಡಾಕ್ಟರಿಗೆ ಮಣಿಪಾಲಕ್ಕೆ ಓಡುತ್ತೀರಿ. ಅಲ್ಲಿ ಆಟೋ ಸಾಕು.

ಅಂಗನವಾಡಿಗೆ ಹೋಗಿ ಹೆಸರು ಬರೆಸಿ. ಮೂಗು ಮುರಿಯಬೇಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ಮೊದಲು ಆರಿಸಿದ 33 ಜಾಗಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ನಮ್ಮ ಹೆಮ್ಮೆ ಅದು, ನಾವೇ ಮರೆತಿದ್ದೇವೆ. ಮಗುವಿನ ತೂಕ ನೋಡುತ್ತಾರೆ, ಆಹಾರದ ಪೊಟ್ಟಣ ಕೊಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಅದೇ ವಯಸ್ಸಿನ ಮಗು ಎತ್ತಿಕೊಂಡ ಇನ್ನೂ ಏಳೆಂಟು ತಾಯಂದಿರು ಅಲ್ಲಿ ಸಾಲಿನಲ್ಲಿ ನಿಂತಿರುತ್ತಾರೆ.

ಈಗ ಮನೆ. ಅಪಾರ್ಟ್‌ಮೆಂಟಿನ ಜಾಹೀರಾತನ್ನು ಪತ್ರದ ಜೊತೆ ಪಿನ್ನು ಮಾಡಿ ಕಳಿಸಿದ್ದೀರಿ. ನಾಲ್ಕನೇ ಮಹಡಿ, ಲಿಫ್ಟು, ‘ಮಕ್ಕಳ ಆಟದ ಅಂಗಳ’. ಚಿತ್ರ ನೋಡಿದೆ. ನೆರಳೇ ಇಲ್ಲದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಜಾರುಬಂಡೆ. ಮೇ ತಿಂಗಳಲ್ಲಿ ಅದರ ಮೇಲೆ ಹಪ್ಪಳ ಸುಡಬಹುದು. ಮೇಲಿನ ಮಹಡಿಯ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಕಕ್ಕುತ್ತದೆ. ಪಡುವಣ ಗೋಡೆಯಂತೂ ಕಾದ ಹಂಚು. ಹಳೇ ಓಣಿಯ ಮನೆಗಳ ಗೋಡೆ ಒಂದೂವರೆ ಎರಡು ಅಡಿ ದಪ್ಪ ಕಲ್ಲು, ನೆಲ ಶಹಾಬಾದಿ. ಅಂಬೆಗಾಲಿಡುವ ಮಗುವಿಗೆ ಏಪ್ರಿಲ್‌ನಲ್ಲಿ ಅದಕ್ಕಿಂತ ತಂಪಾದ ಹಾಸು ಇಲ್ಲ. ಜೋಳಿಗೆ ಕಟ್ಟುವುದಕ್ಕೆ ತೊಲೆ ಇರುತ್ತದೆ. ನಿಮ್ಮ ಹೊಸ ಫ್ಲ್ಯಾಟಿನ ಚಾವಣಿಯಲ್ಲಿ ಒಂದು ಕೊಂಡಿ ತೋರಿಸಿ ನೋಡೋಣ! ಸಣ್ಣ ಬಲ್ಬು ಮೂವತ್ತು ಹಾಕಿರುತ್ತಾರೆ, ತೊಟ್ಟಿಲಿಗೆ ಒಂದು ಕೊಂಡಿ ಇಲ್ಲ. ಮನೆ ಕಟ್ಟುವವರು ಆ ಮನೆಯಲ್ಲಿ ಕೂಸು ಹುಟ್ಟುತ್ತದೆ ಅನ್ನುವುದನ್ನೇ ಮರೆತಿದ್ದಾರೆ. ಕಟ್ಟೆ ಹೋಯಿತು, ಜಗಲಿ ಹೋಯಿತು, ಗೇಟು ಬಂತು, ಗೇಟಿಗೆ ಕಾವಲುಗಾರ ಬಂದ. ಅಜ್ಜಿ ಶೇಂಗಾ ಒಡೆಯುತ್ತ ಕೂರುವುದಾದರೂ ಎಲ್ಲಿ?

ಹಳೇ ಮನೆಯ ತೊಂದರೆಯನ್ನೂ ಹೇಳಿಬಿಡುತ್ತೇನೆ. ಚೇಳು. ಹಾಸಿಗೆ ಕೊಡವಿ ಹಾಕಿ, ರಾತ್ರಿ ಮಗುವನ್ನು ನೆಲಕ್ಕೆ ಮಲಗಿಸಬೇಡಿ. ಮತ್ತೆ ನೀರು. ಊರಿಗೆ ಭೀಮಾ ನದಿಯಿಂದ, ಬೆಣ್ಣೆತೊರೆಯಿಂದ ನೀರು ಬರುತ್ತದೆ, ಆದರೆ ಯಾವ ಓಣಿಗೆ ಯಾವ ದಿನ ಎಂಬುದು ಬೇರೆ ಬೇರೆ. ಮನೆ ಮಾಲೀಕರನ್ನು ಕೇಳಬೇಡಿ, ‘ನೀರಿಂದು ಏನೂ ತ್ರಾಸಿಲ್ರಿ’ ಅಂತಲೇ ಅನ್ನುತ್ತಾರೆ, ನಮಗೂ ಹಾಗೇ ಅಂದಿದ್ದರು. ಎದುರು ಮನೆಯ ಹೆಂಗಸನ್ನು ಕೇಳಿ. ಮನೆ ಮುಂದೆ ಎಷ್ಟು ಬ್ಯಾರಲ್ ಇವೆ ಎಣಿಸಿ.

ಭಾಷೆ ಅರ್ಥವಾಗುವುದಿಲ್ಲ ಅಂದಿರಿ. ಇದು ನನಗೆ ನಗು ಬಂದ ಜಾಗ. ‘ಹೋಯ್ಕ್, ಬರ್ಕ್’ ಅನ್ನುವವರು ಇನ್ನೊಬ್ಬರ ಕನ್ನಡ ಅರ್ಥವಾಗುವುದಿಲ್ಲ ಅನ್ನುವುದೇ? ನಿಮ್ಮ ಮಗ ಅಲ್ಲಿ ಕಲಬುರಗಿ ಕನ್ನಡ, ಓಣಿಯ ದಖನಿ ಉರ್ದು, ತೆಲುಗು, ಮರಾಠಿ ಎಲ್ಲ ಕೇಳುತ್ತ ಬೆಳೆಯುತ್ತಾನೆ. ದುಡ್ಡು ಕೊಟ್ಟರೂ ಯಾವ ಪ್ಲೇ ಸ್ಕೂಲೂ ಇದನ್ನು ಕಲಿಸುವುದಿಲ್ಲ. ನನ್ನ ಮಗಳು ಮೊದಲು ಆಡಿದ ಮಾತು ‘ಅಮ್ಮ’ ಅಲ್ಲ, ‘ಬರ್ರಿ’. ಹೆಂಡತಿ ಎರಡು ದಿನ ಮುನಿಸಿಕೊಂಡಿದ್ದಳು.

ಆದರೆ ‘ಆ ಕಡೆಯ ಜನ’ ಎಂದು ಬರೆದಿದ್ದೀರಲ್ಲ, ಅದು ನಗುವ ಮಾತಲ್ಲ. ನೀವೊಬ್ಬರೇ ಅಲ್ಲ, ಇಡೀ ಕರಾವಳಿ, ಮೈಸೂರು ಸೀಮೆ ಹಾಗೇ ಮಾತಾಡುತ್ತದೆ. ಸಾಹೇಬರಿಗೆ ಸಿಟ್ಟು ಬಂದರೆ ‘ಬೀದರಿಗೆ ಎತ್ತಿ ಹಾಕ್ತೀನಿ’. ರಾಜಕಾರಣಿಗೆ ಸಿಟ್ಟು ಬಂದರೆ ‘ನೀರಿಲ್ಲದ ಜಾಗಕ್ಕೆ ಕಳಿಸ್ತೀನಿ’. ಬೀದರಿನವರು ಇದನ್ನು ಕೇಳಿಸಿಕೊಳ್ಳುತ್ತಾರೆ ಅನ್ನುವ ಪರಿವೆಯೇ ಇಲ್ಲ. ಒಬ್ಬರು ಹುಟ್ಟಿ ಬೆಳೆದ ಊರು ಇನ್ನೊಬ್ಬರಿಗೆ ಶಿಕ್ಷೆ! ಕೆಲಸಕ್ಕೆ ಹಾಜರಾದ ಮರುದಿನವೇ ವಾಪಸ್ ವರ್ಗಕ್ಕೆ ಅರ್ಜಿ. ಹೆಂಡತಿ ಮಕ್ಕಳು ಊರಲ್ಲಿ, ತಾನು ರೂಮಿನಲ್ಲಿ. ನಾನು ಇವರಿಗೆ ‘ಶುಕ್ರವಾರದ ಬಸ್ಸಿನವರು’ ಅಂತ ಹೆಸರಿಟ್ಟಿದ್ದೆ. ಶುಕ್ರವಾರ ಸಂಜೆ ಮೂರು ಗಂಟೆಗೇ ಬ್ಯಾಗು ಮೇಜಿನ ಕೆಳಗೆ ಇರುತ್ತಿತ್ತು, ಸೋಮವಾರ ಹನ್ನೆರಡಕ್ಕೆ ಕಣ್ಣು ಕೆಂಪು ಮಾಡಿಕೊಂಡು ವಾಪಸ್. ಇಂಥ ಮೇಷ್ಟರು, ಇಂಥ ಡಾಕ್ಟರು, ಇಂಥ ಎಂಜಿನಿಯರುಗಳ ಊರು ಮುಂದೆ ಬರುವುದು ಹೇಗೆ? 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ ಅತಿ ಹಿಂದುಳಿದ 39 ತಾಲ್ಲೂಕು ಪಟ್ಟಿ ಮಾಡಿತು. ಅದರಲ್ಲಿ 21 ಗುಲ್ಬರ್ಗ ವಿಭಾಗದ್ದೇ. ಆಮೇಲೆ ಆ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರೂ ಬಂತು. ಹೆಸರಿಡುವುದಕ್ಕೆ ಏನು ಖರ್ಚು? ಕುರ್ಚಿಯಲ್ಲಿ ಕೂರುವವನು ಸಂಸಾರ ಸಮೇತ ಅಲ್ಲೇ ಇದ್ದು, ಅವನ ಮಗುವೂ ಅದೇ ಆಸ್ಪತ್ರೆಗೆ, ಅದೇ ಶಾಲೆಗೆ ಹೋಗುವಂತಾದರೆ ಆಸ್ಪತ್ರೆಯೂ ಸರಿ ಹೋಗುತ್ತದೆ, ಶಾಲೆಯೂ ಸರಿ ಹೋಗುತ್ತದೆ. ನಿಮ್ಮ ಗಂಡನನ್ನು ಶುಕ್ರವಾರದ ಬಸ್ಸಿನವರನ್ನಾಗಿ ಮಾಡಬೇಡಿ ಅಂತ ನಾನು ಹಟ ಮಾಡುತ್ತಿರುವುದು ಇದಕ್ಕೂ ಹೌದು.

ನಾವು ಮೂರು ವರ್ಷ ಅಂತ ಹೋದವರು ಒಂಬತ್ತು ವರ್ಷ ಇದ್ದೆವು. ಬಿಟ್ಟು ಬರುವ ದಿನ ಲಾರಿ ಸರಿಯಾದ ಹೊತ್ತಿಗೇ ಬಂದಿತ್ತು, ಹಾಳಾದ್ದು.

ಅತ್ತೆಯವರಿಗೆ ಒಂದು ದಾರಿ ಹೇಳಿ. ಡಿಸೆಂಬರ್‌ನಲ್ಲಿ ಅವರೂ ಜೊತೆಗೆ ಬರಲಿ, ಒಂದು ತಿಂಗಳು ಇರಲಿ, ಕಟ್ಟೆಯ ಅಜ್ಜಿಯರ ಜೊತೆ ಕೂತು ಮಾತಾಡಲಿ. ಮಾರ್ಚಿನಲ್ಲಿ ಶರಣಬಸವೇಶ್ವರರ ಜಾತ್ರೆ ಇದೆ, ಅದಕ್ಕೆ ಮತ್ತೆ ಕರೆಸಿಕೊಳ್ಳಿ. ಹೊಸ ವಿಳಾಸ ಬರೆದು ಕಳಿಸಿದರೆ ನಿಮ್ಮ ಪತ್ರಿಕೆ ಕಲಬುರಗಿಗೇ ಬರುತ್ತದೆ. ಕುಂದಾಪುರದ ಮನೆಗೂ ಒಂದು ಪ್ರತಿ ಹೋಗುತ್ತಿರಲಿ, ಅದು ನನ್ನ ಖರ್ಚು. ಇದನ್ನೆಲ್ಲ ಓದಿ ಅತ್ತೆಯವರು ನನಗೆ ಬೈದು ಬರೆದರೆ ಅದನ್ನೂ ಅಚ್ಚು ಹಾಕುತ್ತೇನೆ, ಒಂದು ಶಬ್ದವನ್ನೂ ಕತ್ತರಿಸುವುದಿಲ್ಲ.